ಗುರುದೇವಿಯ ಲಿಟನಿಗೆ ನನ್ನ ಹೂಂಕಾರ

ಹೂಂ ಅನ್ನುವುದು ಸುಲಭದ ಕೆಲಸ ಎಂದು ತಿಳಿದವರು ಒಂದು ದಿನ ಬೆಳಗಿನ ಜಾವ ನಮ್ಮ ಮನೆಯ ಮಾಳಿಗೆ ಹತ್ತಿ ಬರಬೇಕು. ನಾನು ಭೀಮಾಶಂಕರ, ಶಹಾಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಹೆಂಡತಿ ಗುರುದೇವಿ, ಪಕ್ಕದ ಸಗರ ಊರಿನ ಮಗಳು. ಶಾಲೆಯಲ್ಲಿ ನನ್ನ ಹುದ್ದೆ ಸಹಶಿಕ್ಷಕ, ಮನೆಯಲ್ಲಿ ನನ್ನ ಹುದ್ದೆ ಹೂಂಕಾರಿ. ಹದಿನೆಂಟು ವರ್ಷದ ಸೇವೆ. ಶಾಲೆಯ ನೌಕರಿಗಾದರೂ ರಜೆ ಇದೆ, ಇದಕ್ಕೆ ಇಲ್ಲ.

ನಮ್ಮ ಕಡೆ ಯಾರಾದರೂ ಕಥೆ ಹೇಳಲು ಕುಳಿತರೆ ಎದುರಿಗೆ ಒಬ್ಬರು ಹೂಂ ಅನ್ನಲೇಬೇಕು. ನನ್ನ ಅಜ್ಜಿ ಇದರಲ್ಲಿ ಬಹಳ ಕಟ್ಟುನಿಟ್ಟು. ರಾಜಕುಮಾರ ಕುದುರೆ ಏರಿ ಹಳ್ಳ ಜಿಗಿಯುವ ಹೊತ್ತಿಗೆ ನನ್ನ ಹೂಂ ನಿಂತರೆ, ಆ ಬಡಪಾಯಿ ಕುದುರೆ ಸಮೇತ ನಡು ಗಾಳಿಯಲ್ಲೇ ನಿಂತುಬಿಡುತ್ತಿದ್ದ. ನಾನು ಮತ್ತೆ ಹೂಂ ಅಂದ ಮೇಲೆ ಆಚೆ ದಡಕ್ಕೆ ಇಳಿಯುತ್ತಿದ್ದ. ಈ ಹೂಂ ಎಂದರೆ ‘ನಾನು ಎಚ್ಚರ ಇದ್ದೇನೆ, ಮುಂದೆ ಹೇಳು’ ಎಂದಷ್ಟೇ ಹೊರತು ‘ಒಪ್ಪಿದೆ’ ಎಂದಲ್ಲ. (ಓದುಗರು ಈ ಕಾನೂನಿನ ಅಂಶವನ್ನು ದಯವಿಟ್ಟು ನೆನಪಿನಲ್ಲಿಡಬೇಕು. ನನ್ನ ಇಡೀ ಬದುಕು ಇದರ ಮೇಲೆಯೇ ನಿಂತಿತ್ತು.)

ಇನ್ನು ನನ್ನ ಮಾಳಿಗೆಯ ವಿಚಾರ. ಅಲ್ಲಿ ತೆರೆದ ಆಕಾಶದ ಕೆಳಗೆ ನುಲಿ ಹೆಣೆದ ಮಂಚ, ನಮ್ಮ ಮಾತಿನಲ್ಲಿ ಹೊರಸು, ಒಂದಿದೆ. ಅದರ ಮೇಲೆ ಕೌದಿ ಹೊದ್ದು ಮಲಗಿದರೆ ಕಾಲ ಕಡೆಗೆ ನಮ್ಮೂರ ಗುಡ್ಡ ಕಾಣುತ್ತದೆ. ಬುದ್ಧ ಅಂಗಾತ ಮಲಗಿದ ಹಾಗೆ ಹಣೆ, ಮೂಗು, ತುಟಿ, ಎದೆ. ಬೆಳಗಿನ ಐದರಿಂದ ಆರರವರೆಗೆ ಗಾಳಿ ತಣ್ಣಗೆ ಬೀಸುತ್ತದೆ, ಆಕಾಶ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ಬರುತ್ತದೆ. ಅಲ್ಲಿ ಅವನು ಮಲಗಿರುತ್ತಾನೆ, ಇಲ್ಲಿ ನಾನು ಮಲಗಿರುತ್ತೇನೆ. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಇಪ್ಪತ್ನಾಲ್ಕು ತಾಸಿನಲ್ಲಿ ನನಗೆ ನನ್ನದು ಅಂತ ಇದ್ದದ್ದು ಆ ಒಂದು ತಾಸು. ಅದನ್ನು ಉಳಿಸಿಕೊಳ್ಳಲು ನಾನು ಏನು ಮಾಡಲೂ ತಯಾರಿದ್ದೆ. ಮಾಡಿಯೂ ಮಾಡಿದೆ.

ದುರದೃಷ್ಟಕ್ಕೆ ಗುರುದೇವಿಗೂ ನಾನು ಕೈಗೆ ಸಿಗುವುದು ಅದೇ ತಾಸಿನಲ್ಲಿ. ಆರಾದ ಮೇಲೆ ಅವಳಿಗೆ ಒಲೆ, ನನಗೆ ಶಾಲೆ. ಆದ್ದರಿಂದ ಐದಕ್ಕೆ ಸರಿಯಾಗಿ ಮೊರದಲ್ಲಿ ಜೋಳ ಹಾಕಿಕೊಂಡು ಮಾಳಿಗೆಗೆ ಬಂದು, ಹೊರಸಿನ ಪಕ್ಕ ಕೂತು, ಹರಳು ಆರಿಸುತ್ತ ಶುರು ಮಾಡುತ್ತಿದ್ದಳು.

“ನಳದ ನೀರು ಮೂರು ದಿನದಿಂದ ಬಂದಿಲ್ಲ ನೋಡ್ರಿ.”

“ಹೂಂ.”

“ಮಿಕ್ಸರ್ ಮತ್ತ ಹೊಗಿ ಬಿಡಾಕತ್ತದ. ಹೋದ ವರ್ಷನೇ ಹೇಳಿದ್ದೆ.”

“ಹೂಂ.”

“ಬಚ್ಚಲ ಬಾಗಲ ಚಿಲಕ ಕಿತ್ತು ದೀಪಾವಳಿಗಿ ವರ್ಷ ಆತು. ಬೀಗರು ಬಂದಾಗ ನಾ ಒಳಗಿಂದ ಹಾಡು ಹಾಡ್ಕೋತ ಜಳಕ ಮಾಡೇನಿ, ಒಳಗ ಮಂದಿ ಅದಾರ ಅಂತ ಗೊತ್ತಾಗ್ಲಿ ಅಂತ.”

“ಹೂಂ.”

ನಿಜ ಹೇಳುತ್ತೇನೆ, ಆ ಧ್ವನಿ ನನಗೆ ಹಿತವಾಗಿಯೇ ಇತ್ತು. ಅರ್ಥದ ಗೊಡವೆಗೆ ಹೋಗದಿದ್ದರೆ ಅದರಂಥ ಜೋಗುಳ ಇನ್ನೊಂದಿಲ್ಲ. ಆ ಜೋಗುಳದಲ್ಲಿ ನಾನು ತೇಲಿ ಸುರಪುರದ ಕೋಟೆಗೆ ಹೋಗುತ್ತಿದ್ದೆ. ಅಲ್ಲಿ ನಾನು ದೊರೆ. ಒಡ್ಡೋಲಗ ನೆರೆದಿದೆ. ರೇಷ್ಮೆ ರುಮಾಲಿನ ಮಂತ್ರಿ ಬಗ್ಗಿ ನಮಸ್ಕರಿಸಿ, “ಪ್ರಭು, ಗ್ಯಾಸ್ ಮುಗಿದಿದೆ” ಎನ್ನುತ್ತಾನೆ. ನಾನು ಮೀಸೆ ತಿರುವಿ “ಹೂಂ” ಎನ್ನುತ್ತೇನೆ. ಸೇನಾಧಿಪತಿ ಕತ್ತಿ ಹಿರಿದು, “ಮಹಾಪ್ರಭು, ನಿಮ್ಮ ತಂಗಿ ಮದುವೆಯಲ್ಲಿ ನನಗೆ ಕೊಟ್ಟ ಸೀರೆ ಒಂದೇ ಒಗೆತಕ್ಕೆ ಬಣ್ಣ ಬಿಟ್ಟಿತು” ಎನ್ನುತ್ತಾನೆ. ಅದಕ್ಕೂ ಹೂಂ. ಹೀಗೆ ರಾಜ್ಯಭಾರ ಸುಸೂತ್ರವಾಗಿ ನಡೆದಿತ್ತು.

ಕೆಟ್ಟದ್ದು ಇಂಗ್ಲಿಷಿನಿಂದ. ಹತ್ತನೆಯ ತರಗತಿಯಲ್ಲಿ ಪಾಠದ ಒಂದು ಭಾಗ ಓದಿಸುತ್ತಿದ್ದೆ. ಅದರಲ್ಲಿ ಯಾರೋ ಒಬ್ಬ ದೂರುಗಳ ‘ಲಿಟನಿ’ ಒಪ್ಪಿಸಿದ ಅಂತ ಬಂತು. ಮೌನಿಕಾ ಎಂಬ ಹುಡುಗಿ ಎದ್ದು ನಿಂತು, “ಲಿಟನಿ ಅಂದ್ರೇನ್ರಿ ಸರ?” ಎಂದಳು. ನಾನು ವಿವರಿಸಿದೆ: ಮೂಲದಲ್ಲಿ ಅದು ಚರ್ಚಿನ ಪ್ರಾರ್ಥನೆ. ಒಬ್ಬರು ಒಂದೊಂದೇ ಸಾಲು ಹೇಳುತ್ತಾರೆ, ಉಳಿದವರು ಪ್ರತಿ ಸಾಲಿಗೂ ಅದೇ ಉತ್ತರ, ಅದೇ ಉತ್ತರ ಕೊಡುತ್ತ ಹೋಗುತ್ತಾರೆ. ಬರುಬರುತ್ತ ಇಂಗ್ಲಿಷಿನ ಮಂದಿ ದಿನದ ಮಾತಿನಲ್ಲಿ ಅದನ್ನು ಮುಗಿಯದ ಪಟ್ಟಿಗೆಲ್ಲ ಅಂಟಿಸಿದರು. ತಪ್ಪುಗಳ ಲಿಟನಿ, ನೆಪಗಳ ಲಿಟನಿ, ದೂರುಗಳ ಲಿಟನಿ. ನಾವೇನು ಕಡಿಮೆಯೇ? ಯಾರಾದರೂ ಗೊಣಗಲು ಶುರು ಮಾಡಿದರೆ ‘ಇವರ ಅಷ್ಟೋತ್ತರ ಸುರುವಾತು’ ಎನ್ನುವುದಿಲ್ಲವೇ? ದೇವರ ಸಾಮಾನನ್ನು ಮನೆಬಳಕೆಗೆ ಇಳಿಸುವುದರಲ್ಲಿ ಎಲ್ಲ ದೇಶದವರೂ ಒಂದೇ.

ಪಾಠ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಇಂಗ್ಲಿಷ್ ಮಾಸ್ತರನ ಹೊಟ್ಟೆಯಲ್ಲಿ ಹೊಸ ಪದ ನಿಲ್ಲುವುದಿಲ್ಲ. ಮರುದಿನ ಗುರುದೇವಿ ಮೊರ ಹಿಡಿದು ಕೂತ ಕೂಡಲೇ ನಾನು ಕೌದಿ ಸರಿಸಿ, “ನೀ ದಿನಾ ಮಾಡ್ತೀಯಲ್ಲ, ಇದಕ್ಕ ಲಿಟನಿ ಅಂತಾರ” ಎಂದು ಎಲ್ಲವನ್ನೂ ಸವಿಸ್ತಾರವಾಗಿ ಹೇಳಿದೆ. ಅವಳು ಸಿಟ್ಟಾಗುತ್ತಾಳೆ ಅಂತ ನನ್ನ ಅಂದಾಜು. ಅವಳು ಸಿಟ್ಟಾಗಲಿಲ್ಲ, ವಿಚಾರ ಮಾಡಿದಳು. ಅದು ಸಿಟ್ಟಿಗಿಂತ ಅಪಾಯ.

“ಅಲ್ರೀ, ಚರ್ಚಿನ್ಯಾಗ ಉತ್ತರ ಕೊಡಾವ್ರು ಮಲ್ಕೊಂಡು ಕೊಡ್ತಾರೇನು?”

“ಇಲ್ಲ... ನಿಂತು...”

“ಹಂಗಾರ ನೀವು ಕಣ್ಣು ತೆರ್ಕೊಂಡು ಹೂಂ ಅನ್ರಿ. ಒಂದು ಹೂಂ ತಪ್ಪಿತಂದ್ರ ನಾ ಮೊದಲಿಂದ ಸುರು ಮಾಡ್ತೀನಿ.”

ಆ ದಿನದಿಂದ ನನ್ನ ರಾಜ್ಯ ಮುಳುಗಿತು. ಅವಳ ಪಟ್ಟಿಯಲ್ಲಿ ಸುಮಾರು ನಲವತ್ತು ಬಾಬತ್ತು. ಇಪ್ಪತ್ತೈದನೆಯದಕ್ಕೆ ನನ್ನ ರೆಪ್ಪೆ ಕೂಡಿಕೊಂಡು ಹೂಂ ತುಸು ತಡವಾಯಿತೋ, ಹೊರಸು ಅಲುಗಾಡುತ್ತಿತ್ತು. “ನಳದ ನೀರು ಮೂರು ದಿನದಿಂದ ಬಂದಿಲ್ಲ ನೋಡ್ರಿ,” ಎಂದು ಮತ್ತೆ ಒಂದನೆಯ ಸಾಲು. ಸುರಪುರದ ಮಂತ್ರಿ ಬಾಯಿ ತೆರೆಯುವಷ್ಟರಲ್ಲಿ ಅರಮನೆ ಬಿದ್ದುಹೋಗುತ್ತಿತ್ತು. ಹದಿನೈದು ದಿನಕ್ಕೆ ನನ್ನ ಕಣ್ಣ ಕೆಳಗೆ ಕಪ್ಪು ಬಂತು. ತರಗತಿಯಲ್ಲಿ ಹುಡುಗರು ಹಾಜರಿ ಹೇಳಿದರೆ ನಾನು ಹೂಂ, ಹೂಂ ಎನ್ನತೊಡಗಿದೆ.

ಆಗ ಹೊಳೆದದ್ದೇ ಆ ದಿವ್ಯ ಉಪಾಯ. ನನ್ನ ಹೂಂಗಳಿಗೆ ನಾನು ಖುದ್ದು ಹಾಜರಿರುವ ಅಗತ್ಯವೇನು?

ಶಾಲೆಯಲ್ಲಿ ಪಿರಿಯಡ್ ಇಲ್ಲದ ಹೊತ್ತು ನೋಡಿ, ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು, ಮೊಬೈಲ್ ಬಾಯಿಗೆ ಹಚ್ಚಿಕೊಂಡು ಅರ್ಧ ತಾಸು ಹೂಂ ರೆಕಾರ್ಡ್ ಮಾಡಿದೆ. ಒಂದೇ ನಮೂನೆ ಆದರೆ ಅನುಮಾನ ಬರುತ್ತದೆಂದು ಕಲಾವಿದನ ಹಾಗೆ ಬಗೆಬಗೆಯಾಗಿ ಅಂದೆ. ಕಾಳಜಿಯ ಹೂಂ, ಅಚ್ಚರಿಯ ಹೂಂ, ‘ಅಯ್ಯೋ ಪಾಪ’ದ ಹೂಂ. ನಡುವೆ ಜವಾನ ಉಸ್ಮಾನಸಾಬ ಬಾಗಿಲಲ್ಲಿ ಇಣುಕಿ ಏನೋ ಕೇಳಿದ, ನಾನೂ ಏನೋ ಹೇಳಿ ಕಳಿಸಿದೆ. ನನ್ನ ಕಲೆಯಲ್ಲಿ ನಾನು ಎಷ್ಟು ಮುಳುಗಿದ್ದೆನೆಂದರೆ ಅದನ್ನು ಲಕ್ಷ್ಯಕ್ಕೇ ತೆಗೆದುಕೊಳ್ಳಲಿಲ್ಲ. ರೆಕಾರ್ಡ್ ಆದದ್ದನ್ನು ಒಮ್ಮೆ ಕೇಳಿ ನೋಡಲೂ ಇಲ್ಲ. ನನ್ನ ಹೂಂ ನನಗೆ ಗೊತ್ತಿಲ್ಲವೇ?

ಮರುದಿನ ಬೆಳಗ್ಗೆ ಅವಳು ಮೆಟ್ಟಿಲು ಹತ್ತುವ ಸಪ್ಪಳ ಕೇಳಿದ ಕೂಡಲೇ ತಲೆತುಂಬ ಕೌದಿ ಎಳೆದುಕೊಂಡು, ದಿಂಬಿನ ಪಕ್ಕದ ಮೊಬೈಲ್ ಒತ್ತಿದೆ. ಮುಸುಕು ಯಾಕೆ ಎಂದು ಅವಳು ಕೇಳಿದಾಗ, “ಸೊಳ್ಳಿ” ಎಂದೆ. ಆಮೇಲೆ ನಾನು ಮಾತಾಡಲಿಲ್ಲ, ಮೊಬೈಲ್ ಮಾತಾಡಿತು.

ಆ ಎಂಟು ದಿನಗಳನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಎಂಥೆಂಥ ಕನಸುಗಳು! ಒಂದು ದಿನ ಗುಡ್ಡದ ಬುದ್ಧ ನಿಧಾನಕ್ಕೆ ಮಗ್ಗುಲು ಬದಲಿಸಿ, “ಮಾಸ್ತರ, ಕೌದಿ ಚಲೋ ಅದಲ್ಲ, ಎಲ್ಲಿ ಹೊಲಿಸಿದ್ದು?” ಎಂದು ಕೇಳಿದ. ಇನ್ನೊಂದು ದಿನ ನನ್ನ ಹೊರಸು ನಾಲ್ಕೂ ಕಾಲು ಮಡಚಿಕೊಂಡು ಕೃಷ್ಣೆಯ ಮೇಲೆ ತೇಲುತ್ತ ಹೋಯಿತು, ದಡದಲ್ಲಿ ಬಲೆ ಒಣಹಾಕುತ್ತಿದ್ದವರು ಕೈ ಬೀಸಿದರು. ದೂರದಲ್ಲಿ ಎಲ್ಲೋ ಗುರುದೇವಿಯ ಧ್ವನಿ ನೀರಿನ ಸಪ್ಪಳದ ಹಾಗೆ ಕೇಳುತ್ತಿತ್ತು. ಇನ್ನೂ ದೂರದಲ್ಲಿ ಯಾರೋ ಒಬ್ಬ ಸಜ್ಜನ ಅದಕ್ಕೆ ಹೂಂ, ಹೂಂ ಎನ್ನುತ್ತಿದ್ದ. ಎಷ್ಟು ತಾಳ್ಮೆಯ ಮನುಷ್ಯ ಇವನು ಎಂದು ನನಗೆ ಅವನ ಮೇಲೆ ಗೌರವ ಹುಟ್ಟಿತು.

ಒಂಬತ್ತನೆಯ ದಿನ ಕೃಷ್ಣೆಯ ಮೇಲೆ ಹೊಗೆ ಎದ್ದಿತು. ಕನಸಿನಲ್ಲಿ ಕೆಮ್ಮಿದೆ. ಕೆಮ್ಮುತ್ತ ಎದ್ದು ಕೂತರೆ ಕೆಮ್ಮು ನಿಜದ್ದೇ. ಮಾಳಿಗೆಯ ತುಂಬ ಹೆಂಗಸರು! ಒಬ್ಬಾಕೆ ಇಟ್ಟಿಗೆ ಹೊಂದಿಸಿ ಒಲೆ ಹೂಡಿದ್ದಾಳೆ, ಒಬ್ಬಾಕೆ ಪರಾತದಲ್ಲಿ ಹಿಟ್ಟು ನಾದುತ್ತಿದ್ದಾಳೆ, ಒಬ್ಬಾಕೆ ನನ್ನ ಹೊರಸಿನ ಕಾಲಿಗೆ ಹಿಟ್ಟಿನ ಚೀಲ ಒರಗಿಸುತ್ತಿದ್ದಾಳೆ. ನಾನು ಬನಿಯನ್ನಿನ ಮೇಲಿದ್ದೆ. ಕೌದಿಯನ್ನು ಕೊರಳವರೆಗೆ ಎಳೆದುಕೊಂಡೆ.

“ಶರಣ್ರೀ ಸರ,” ಎಂದಳು ಓಣಿಯ ಬಸ್ಸಮ್ಮ, ಹಂಚು ಒರೆಸುತ್ತ.

“ಏನಿದು?” ಎಂದೆ ಗುರುದೇವಿಗೆ.

“ನಮ್ಮ ರೊಟ್ಟಿ ಸಂಘರಿ. ಮಹಾನಂದಾನ ಹಿತ್ತಲದಾಗ ರೊಟ್ಟಿ ಬಡೀತಿದ್ದೆವಲ್ಲ, ಅಲ್ಲಿ ಆಕಿ ಮೈದುನ ಖೋಲಿ ಕಟ್ಟಸಾಕತ್ತಾನ. ಖಡಕ್ ರೊಟ್ಟಿಗಿ ಗಾಳಿ, ಬಿಸಿಲು ಎರಡೂ ಬೇಕು. ಬಿಸಿಲು ಏರೂದ್ರಾಗ ಒಲಿ ಕೆಲಸ ಮುಗೀಬೇಕು. ನಮ್ಮ ಮಾಳಿಗೆ ಆಗ್ತದೇನು ಅಂತ ಕೇಳ್ದೆ. ನೀವು ಆಗ್ಲಿ ಅಂದ್ರಿ.”

“ನಾನು? ಯಾವಾಗ ಅಂದೆ?”

“ಮೊನ್ನಿ ಅಂದ್ರಿ. ನಿನ್ನೆ ಮತ್ತ ಅಂದ್ರಿ.”

“ಆಗ್ಲಿ ಅಂದಿಲ್ಲ! ಹೂಂ ಅಂದಿರಬೇಕು. ಹೂಂ ಬ್ಯಾರೆ, ಆಗ್ಲಿ ಬ್ಯಾರೆ!” ಎಂದು ನನ್ನ ಕಾನೂನಿನ ಅಂಶವನ್ನು ಎತ್ತಿ ಹಿಡಿದೆ.

ಪರಾತದ ಮುಂದಿನಿಂದ ಮಹಾನಂದಾ ತಲೆ ಎತ್ತಿದಳು. “ಇಲ್ರಿ ಸರ, ನಾನೂ ಶರೀಫಾಬೀನೂ ನಿನ್ನೆ ಇದೇ ಮೆಟ್ಟಿಲ ಮ್ಯಾಲ ಕುಂತು ಕಿವಿಯಾರೆ ಕೇಳೇವಿ. ‘ಸಂಘದವ್ರನ್ನ ಮ್ಯಾಲ ಕರೀಲೇನ್ರಿ’ ಅಂದ್ಳು ಗುರುದೇವಕ್ಕ. ‘ಆಗ್ಲಿ’ ಅಂದ್ರಿ ಕೌದ್ಯಾಗಿಂದ. ‘ಎಷ್ಟು ಮಂದಿ ಬರ್ಲಿ’ ಅಂದ್ಳು. ‘ಐದು’ ಅಂದ್ರಿ. ‘ಯಾವಾಗ’ ಅಂದ್ರ ‘ಜಲ್ದಿ’ ಅಂದ್ರಿ.”

“ಎಷ್ಟು ದೊಡ್ಡ ಮನಸ್ರಿ ನಿಮ್ದು,” ಎಂದಳು ಶರೀಫಾಬೀ. “ನಮ್ಮ ಮನ್ಯಾಗಿನವ್ರಿಗಿ ಒಂದು ಮಾತು ಕೇಳಿದ್ರ ಹತ್ತು ಸವಾಲ್ ಹಾಕ್ತಾರ. ನೀವು ಒಂದಽ ಮಾತಿನ್ಯಾಗ ಮುಗಿಸಿದ್ರಿ.”

ಆಗ ನೆನಪಾಯಿತು. ಸ್ಟಾಫ್ ರೂಮಿನ ಬಾಗಿಲು. ಉಸ್ಮಾನಸಾಬ. ‘ಚಹಾ ತರ್ಲೇನ್ರಿ ಸರ?’ ‘ಆಗ್ಲಿ.’ ‘ಎಷ್ಟ್ರಿ?’ ‘ಐದು.’ ಆಮೇಲೆ ಅವನ ಬೆನ್ನಿಗೆ ನಾನೇ ಕೂಗಿದ್ದೆ, ‘ಜಲ್ದಿ!’ ಮೊಬೈಲ್ ಇದ್ದದ್ದು ನನ್ನ ತುಟಿಯ ಹತ್ತಿರ, ಅವನ ಪ್ರಶ್ನೆಗಳು ದೂರದ ಬಾಗಿಲಲ್ಲೇ ಉಳಿದಿದ್ದವು. ನನ್ನ ಉತ್ತರಗಳು ಮಾತ್ರ ಒಂಟಿಯಾಗಿ ಬಂದು ನನ್ನ ಕೊರಳಿಗೆ ಬಿದ್ದಿದ್ದವು.

ನಾನು ಗುರುದೇವಿಯನ್ನು ನೀರಿನ ಟ್ಯಾಂಕಿನ ಹಿಂದೆ ಕರೆದೆ. ಆ ಒಂದು ತಾಸು ಹೋದರೆ ನನಗೆ ಉಳಿಯುವುದು ಬರೀ ಹಾಜರಿ ಪುಸ್ತಕ ಎಂಬ ಭಯಕ್ಕೆ ಮಾನ ಮರ್ಯಾದೆ ಬಿಟ್ಟು, “ಆ ಆಗ್ಲಿ ನಂದಲ್ಲ, ಮೊಬೈಲಿಂದು” ಎಂದು ಎಲ್ಲವನ್ನೂ ಒಪ್ಪಿಕೊಂಡೆ.

“ಗೊತ್ತದ,” ಎಂದಳು.

“ಗೊತ್ತದ? ಯಾವಾಗಿಂದ?”

“ಮೊದಲ್ನೇ ದಿನದಿಂದ. ಅವತ್ತು ಗ್ಯಾಸ್ ಮ್ಯಾಲ ಹಾಲಿಟ್ಟು ಬಂದಿದ್ದೆ, ನಡುವ ಉಕ್ಕಿದ ವಾಸನಿ ಬಂತಂತ ನಾ ಕೆಳಗ ಓಡಿ ಹೋದೆ. ಒಲಿ ಒರಸಿ, ಗ್ಯಾಸ್ ಬಂದ್ ಮಾಡಿ, ತಿರುಗಿ ಬಂದೆ. ಬರೂತನಾ ನೀವು ಒಬ್ರೇ ಹೂಂ ಅನ್ನಾಕತ್ತಿದ್ರಿ. ಇಷ್ಟು ಕಾಳಜಿ ನಿಮಗ ಎಂದೂ ಇದ್ದಿಲ್ಲ ಬಿಡ್ರಿ.” ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. “ಆಮ್ಯಾಲ ದಿನಾ ಕೇಳ್ಕೋತ ಹೋದೆ. ಹನ್ನೊಂದನೇ ಹೂಂ ಆದ ಮ್ಯಾಲ ‘ಆಗ್ಲಿ’ ಬರ್ತದ. ನನ್ನ ಮಾತು ಅಲ್ಲಿಗಿ ಹೊಂದಸ್ಕೊಳ್ಳಾಕ ನಾಕು ದಿನ ಹತ್ತಿತು ನೋಡ್ರಿ. ಒಮ್ಮೆ ಲಗೂ ಆಗ್ತಿತ್ತು, ಒಮ್ಮೆ ತಡಾ ಆಗ್ತಿತ್ತು.”

“ಅಂದ್ರ ಗೊತ್ತಿದ್ದೂ ಗೊತ್ತಿದ್ದೂ ಮೋಸ ಮಾಡಿದಿ?”

“ಮೋಸ ಯಾರು ಮಾಡ್ಯಾರ್ರಿ?” ಎಂದಳು. ಧ್ವನಿ ಎತ್ತರಿಸಲಿಲ್ಲ. “ಮಾಳಿಗೆ ಕೊಡ್ರಿ ಅಂತ ಆರು ತಿಂಗಳಿಂದ ಕೇಳಾಕತ್ತೇನಿ. ನಡುನಡುವ ಕೇಳೇನಿ, ಮೊದಲಿಗಿ ಕೇಳೇನಿ, ಕಡೀಕ ಕೇಳೇನಿ. ಆಗ್ಲಿ ಅಂದಿಲ್ಲ, ಬ್ಯಾಡ ಅಂದಿಲ್ಲ. ಬರೇ ಹೂಂ. ಹದಿನೆಂಟು ವರ್ಷ ಗ್ವಾಡಿಗಿ ಹೇಳಿದಂಗ ಆಗ್ಯದ ನನಗ. ಆ ಮೊಬೈಲರ ಒಮ್ಮೆ ‘ಆಗ್ಲಿ’ ಅಂತು.”

ನನಗೆ ನಾಚಿಕೆಯಾಯಿತು. ನಿಜವಾಗಿ ಆಯಿತು. ನಲವತ್ತು ಬಾಬತ್ತಿನಲ್ಲಿ ಮೂವತ್ತೊಂಬತ್ತು ಗೊಣಗಾಟ ಇರಬಹುದು, ಒಂದು ಕೇಳಿಕೆ ಇತ್ತು. ಅದನ್ನೂ ನಾನು ಸುರಪುರದ ಒಡ್ಡೋಲಗಕ್ಕೆ ಕಳಿಸಿ, ಮೀಸೆ ತಿರುವಿ ಕೈ ತೊಳೆದುಕೊಂಡಿದ್ದೆ.

“ಈಗರ ಬ್ಯಾಡ ಅನ್ರಿ. ಎಲ್ಲಾರ್ನೂ ವಾಪಸ್ ಕಳಸ್ತೀನಿ,” ಎಂದಳು. “ಆದ್ರ ಯಾಕ ಬ್ಯಾಡ ಅಂತ ಅವ್ರಿಗಿ ನೀವಽ ಹೇಳ್ರಿ.”

ಟ್ಯಾಂಕಿನ ಮರೆಯಿಂದ ಇಣುಕಿದೆ. ಬಸ್ಸಮ್ಮ ಒಲೆ ಊದುತ್ತಿದ್ದಳು. ಶರೀಫಾಬೀ ಪಕ್ಕದವಳಿಗೆ ನನ್ನ ದೊಡ್ಡ ಮನಸ್ಸಿನ ವರ್ಣನೆ ಮಾಡುತ್ತಿದ್ದಳು. ಆ ವರ್ಣನೆಯ ನಡುವೆ ಹೋಗಿ ನಿಂತು, ಇಂಗ್ಲಿಷ್ ಕಲಿಸುವ ಮಾಸ್ತರ ಹೆಂಡತಿಯ ಮಾತಿಗೆ ಮೊಬೈಲ್ ಹಚ್ಚಿ ಮಲಗಿದ್ದ ಎಂದು ಹೇಳಬೇಕು. ಆಮೇಲೆ ಶಹಾಪುರದ ಬಸ್ ಸ್ಟ್ಯಾಂಡಿನಿಂದ ಯಾದಗಿರಿಯ ರೈಲ್ವೆ ಸ್ಟೇಷನ್ನಿನವರೆಗೆ ಅದು ಮುಟ್ಟಲು ಎಷ್ಟು ಹೊತ್ತು?

“ಆಗ್ಲಿ,” ಎಂದೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ, ಸ್ವಂತ ಬಾಯಿಂದ.

ಈಗ ತಿಂಗಳಾಯಿತು. ಐದಕ್ಕೆ ಒಲೆ ಹೊತ್ತುತ್ತದೆ, ಐದೂಕಾಲಿಗೆ ರೊಟ್ಟಿ ಬಡಿಯುವ ಸಪ್ಪಳ ಶುರು. ಎಚ್ಚರವಿದ್ದ ಗಂಡಸು ಸುಮ್ಮನೆ ಕೂರುವುದು ಚಂದ ಕಾಣುವುದಿಲ್ಲವೆಂದು ಬೆಂದ ರೊಟ್ಟಿಯನ್ನು ಬಟ್ಟೆಯ ಮೇಲೆ ಹರವುವ ಕೆಲಸ ನನಗೆ ಬಂದಿದೆ. ಹೊರಸನ್ನು ಹೊಗೆ ಬಾರದ ಮೂಲೆಗೆ ಸರಿಸಿದ್ದಾರೆ. ಸಂಘದ ಅಧ್ಯಕ್ಷೆ ಎಂದು ಗುರುದೇವಿ ಅದರ ಮೇಲೆ ಕೂರುತ್ತಾಳೆ. ಚಿಲಕ ಹಾಕಿಸಿದ್ದೇನೆ, ಮಿಕ್ಸರ್ ರಿಪೇರಿ ಆಗಿದೆ. ಅವಳ ಪಟ್ಟಿ ದಿನದಿನಕ್ಕೆ ಕರಗುತ್ತಿದೆ. ಕನಸಿಲ್ಲದ ನನ್ನ ಮುಖ ಮಾತ್ರ ದಿನದಿನಕ್ಕೆ ಉಬ್ಬುತ್ತಿದೆ.

ನಿನ್ನೆ ಅವಳೇ ಅದನ್ನು ಗಮನಿಸಿ, ಹೊರಸಿನ ಮೇಲಿಂದ ಮೆತ್ತಗೆ, “ಯಾಕ್ರಿ, ಮಾರಿ ಉಬ್ಬಿಸ್ಕೊಂಡೀರಿ? ನಿಮಗೂ ಏನರ ಹೇಳೂದಿದ್ರ ಹೇಳ್ರಿ. ನಾ ಹೂಂ ಅಂತೀನಿ” ಎಂದಳು.

ಅಷ್ಟು ಸಾಕಾಯಿತು ನನಗೆ. ರೊಟ್ಟಿ ಹರವುತ್ತ, ಗುಡ್ಡದ ಕಡೆ ಮುಖ ಮಾಡಿ ಶುರು ಮಾಡಿದೆ. ನನ್ನ ನಿದ್ದಿ ಹೋತು ಎಂದೆ. ಹೂಂ ಎಂದು ಬಂತು. ನನ್ನ ಕೌದಿಗೆ ಹೊಗೆ ವಾಸನಿ ಎಂದೆ. ಹೂಂ. ಕೈಯೆಲ್ಲ ಸುಡತಾವ, ಸಾಲ್ಯಾಗ ಚಾಕ್‌ಪೀಸ್ ಹಿಡಿಯಾಕ ಬರಂಗಿಲ್ಲ. ಹೂಂ. ಮಕ್ಕಳು ನನಗ ರೊಟ್ಟಿ ಸರ ಅನ್ನಾಕತ್ತಾವ. ಹೂಂ! ಹೆಡ್‌ಮಾಸ್ತರು ಸೈತ ಎರಡು ಡಜನ್ ಕಟ್ಟಿಸ್ಕೊಂಡು ಬಾ ಅಂತಾರ. ಹೂಂ. ಎಂಥ ಸುಖ ಅದು! ಒಂದೊಂದು ಹೂಂಗೂ ಎದೆಯ ಮೇಲಿನ ಒಂದೊಂದು ಕಲ್ಲು ಇಳಿದ ಹಾಗೆ. ಹದಿನೆಂಟು ವರ್ಷ ಇವಳಿಗೆ ಈ ಸುಖವನ್ನು ನಾನು ಅರೆಬರೆ ಕೊಟ್ಟೆನಲ್ಲ ಎಂದು ಕಣ್ಣು ತೇವವಾಯಿತು. ಬೆಳಕು ಏರುತ್ತಿತ್ತು, ಗಾಳಿ ತಣ್ಣಗಿತ್ತು, ನಾನು ಇಪ್ಪತ್ತರ ಹತ್ತಿರ ಬಂದಿದ್ದೆ. ನನ್ನ ಗುರುದೇವಿ ಎಷ್ಟು ಮನಸ್ಸಿಟ್ಟು ಕೇಳುತ್ತಿದ್ದಾಳೆ ನೋಡೋಣ ಎಂದು ತಿರುಗಿದೆ.

ಗುರುದೇವಿ ಹೊರಸಿನ ಮೇಲೆ ನನ್ನ ಕೌದಿ ಹೊದ್ದು, ತುಟಿಯ ಮೇಲೆ ತೆಳ್ಳಗೆ ನಗು ಇಟ್ಟುಕೊಂಡು ಗಾಢ ನಿದ್ದೆಯಲ್ಲಿದ್ದಳು. ಯಾವ ಕೋಟೆಯಲ್ಲಿ ಯಾರಿಗೆ ರಾಣಿಯಾಗಿದ್ದಳೋ.

“ಆಕಿ ಮಲಗಿ ಭಾಳ ಹೊತ್ತಾತ್ರಿ ಸರ,” ಎಂದಳು ಮಹಾನಂದಾ, ಹಿಟ್ಟಿನ ಉಂಡೆ ತಟ್ಟುತ್ತ. “ಹೂಂ ನಾವು ಸರತಿ ಮ್ಯಾಲ ಅನ್ನಾಕತ್ತೇವಿ. ನೀವು ನಿಲ್ಲಸಬ್ಯಾಡ್ರಿ, ರೊಟ್ಟಿ ಇನ್ನೂ ಭಾಳ ಅದಾವ.”